ಹಿಟ್ಟಿನ ಕೋಳಿಯೂ ನಕ್ಷತ್ರನೌಕೆಯೂ

ಆಟದಲ್ಲಿ ಮಾಡಿದ ಕೊಲೆ ಕೊಲೆಯೇ ಎಂದು ಯಾರಾದರೂ ಕೇಳಿದರೆ, ಅಲ್ಲವೆಂದು ಹೇಳಿ ಮುಂದೆ ಸಾಗುವುದು ಲೋಕರೂಢಿ. ಪ್ರಾಣವೇ ಇಲ್ಲದೆಡೆಯಲ್ಲಿ ಪ್ರಾಣಹಾನಿ ಎಲ್ಲಿಂದ ಬಂದೀತು. ಪರದೆಯ ಮೇಲೆ ಉರಿದು ನಂದಿದ್ದು ಬೆಳಕಿನ ಚುಕ್ಕೆಗಳ ರಾಶಿಯೇ ಹೊರತು ತಾಯಿಯೊಬ್ಬಳು ಹೆತ್ತ ಮಗನಲ್ಲವಷ್ಟೆ. ಈ ಸಮಾಧಾನವು ನ್ಯಾಯಸ್ಥಾನಕ್ಕೆ ಸಾಕಾದೀತು. ಆದರೆ ಕರ್ಮವನ್ನು ಅಳೆಯುವಾಗ ಕೈ ಮಾಡಿದ್ದಕ್ಕಿಂತ ಮನಸ್ಸು ಬಯಸಿದ್ದನ್ನು ಮೊದಲು ನೋಡಬೇಕೆಂದು ಸಾರಿದ ಪರಂಪರೆಗಳ ನಡುವೆ ಬೆಳೆದು ಬಂದವರಿಗೆ ಅದು ಅಷ್ಟು ಸುಲಭವಾಗಿ ಒಪ್ಪಿಗೆಯಾಗತಕ್ಕುದಲ್ಲ. ಇಂಥ ಪ್ರಶ್ನೆಯನ್ನು ನಿರಾಧಾರವಾಗಿ ಚರ್ಚಿಸುವುದಕ್ಕಿಂತ ನಿರ್ದಿಷ್ಟವಾದ ಒಂದು ಆಟವನ್ನು ಎದುರಿಗಿಟ್ಟುಕೊಂಡು ವಿಚಾರಿಸುವುದು ಲೇಸು.

1966ರ ಸೆಪ್ಟೆಂಬರ್ 8ರಂದು ಅಮೆರಿಕದ ಟೆಲಿವಿಷನ್ನಿನಲ್ಲಿ ಮೊದಲಾದ ‘ಸ್ಟಾರ್ ಟ್ರೆಕ್’ ಕಥಾಮಾಲಿಕೆಗೆ ನಲವತ್ತು ವರ್ಷ ತುಂಬಿದ 2006ರಲ್ಲಿ, ಡಿಸೆಂಬರ್ ತಿಂಗಳಿನಲ್ಲಿ, ಮ್ಯಾಡ್ ಡಾಕ್ ಸಾಫ್ಟ್‌ವೇರ್ ಸಂಸ್ಥೆ ರಚಿಸಿ ಬೆಥೆಸ್ಡಾ ಸಾಫ್ಟ್‌ವರ್ಕ್ಸ್ ಪ್ರಕಟಿಸಿದ ‘ಸ್ಟಾರ್ ಟ್ರೆಕ್: ಲೆಗಸಿ’ ಎಂಬ ನೌಕಾಯುದ್ಧದ ಆಟವು ಎಕ್ಸ್‌ಬಾಕ್ಸ್ 360 ಯಂತ್ರಕ್ಕೂ ಕಂಪ್ಯೂಟರಿಗೂ ಬಂದಿತು. ಆ ಕಥಾಲೋಕದ ಮೂರು ಯುಗಗಳನ್ನು ಒಂದೇ ಎಳೆಯಲ್ಲಿ ಪೋಣಿಸಿ, ಆರ್ಚರ್, ಕರ್ಕ್, ಪಿಕಾರ್ಡ್, ಸಿಸ್ಕೊ, ಜೇನ್‌ವೇ ಎಂಬ ಐವರು ನಾಯಕರಿಗೂ ಆಯಾ ಪಾತ್ರವನ್ನು ಧರಿಸಿದ್ದ ಕಲಾವಿದರಿಂದಲೇ ಕಂಠದಾನ ಮಾಡಿಸಿದ್ದು ಅದರ ವಿಶೇಷ. ಆಡುವವನ ವಶದಲ್ಲಿ ಒಮ್ಮೆಗೆ ನಾಲ್ಕರವರೆಗೆ ನೌಕೆಗಳಿರುತ್ತವೆ. ಶಕ್ತಿಯಲ್ಲಿ ಆಯುಧಕ್ಕೆಷ್ಟು, ರಕ್ಷಾಕವಚಕ್ಕೆಷ್ಟು, ಎಂಜಿನ್ನಿಗೆಷ್ಟು ಎಂದು ಹಂಚುತ್ತ, ಫೇಸರ್ ಕಿರಣದಿಂದ ಶತ್ರುವಿನ ಕವಚವನ್ನು ಸವೆಯಿಸಿ, ಅದು ಬಿದ್ದೊಡನೆ ಫೋಟಾನ್ ಟಾರ್ಪಿಡೊವನ್ನು ಬಿಡುವುದು ಯುದ್ಧಕ್ರಮ. ನೌಕೆಗಳು ಗಂಭೀರವಾಗಿ, ನಿಧಾನವಾಗಿ ತಿರುಗುತ್ತವೆ. ಆ ನಿಧಾನದಲ್ಲಿ ಒಂದು ಸೊಗಸೂ ಉಂಟು. ಗೆದ್ದು ಗಳಿಸಿದ ‘ಕಮಾಂಡ್ ಪಾಯಿಂಟ್’ಗಳನ್ನು ತೆತ್ತು ಹೊಸ ನೌಕೆಯನ್ನು ಕೊಳ್ಳಬಹುದು.

ಯಾವ ದೋಷವೂ ಮೇಲ್ನೋಟಕ್ಕೆ ಕಾಣದ ಈ ಕೊನೆಯ ಏರ್ಪಾಡಿನಲ್ಲಿಯೇ ನನ್ನ ಪ್ರಶ್ನೆಯ ಬೇರು ಇದೆ. ಕರ್ಕನ ಎಂಟರ್‌ಪ್ರೈಸ್ ನೌಕೆಯಲ್ಲಿ ಸುಮಾರು 430 ಮಂದಿ ವಾಸವಾಗಿದ್ದರೆಂದು ಮೂಲ ಕಥಾಮಾಲಿಕೆ ಹೇಳುತ್ತದೆ. ಅಂಥದೊಂದು ನೌಕೆ ಒಡೆದು ಚೂರಾದಾಗ ಆಡುವವನಿಗೆ ತೋರುವ ನಷ್ಟವು ಇಷ್ಟು ಅಂಕ ಎಂಬ ಲೆಕ್ಕ ಮಾತ್ರ. ಜರ್ಜರಿತವಾದ ನೌಕೆಯೊಂದನ್ನು ಶತ್ರುವಿನ ಗಮನ ಸೆಳೆಯಲು ಮುಂದಕ್ಕೆ ಅಟ್ಟಿ, ಅದು ಉರಿಯುತ್ತಿರುವಷ್ಟರಲ್ಲಿ ಉಳಿದ ಮೂರನ್ನು ಹಿಂದಿನಿಂದ ನುಗ್ಗಿಸುವುದು ಬುದ್ಧಿವಂತಿಕೆಯೆಂದು ಆತನಿಗೆ ತೋರುವುದು ಸಹಜ. ಒಳಗಿರುವವರ ಮುಖ ಅವನಿಗೆ ಕಾಣದು. ಕಾಣಬೇಕೆಂದು ಆಟವೂ ಅವನನ್ನು ಕೇಳದು.

ಮೂಲ ಕೃತಿಯಾದರೋ ಇದನ್ನೇ ಕೇಳುತ್ತಿತ್ತು. 1966ರ ಡಿಸೆಂಬರ್ 15ರಂದು ಪ್ರಸಾರವಾದ ‘ಬ್ಯಾಲೆನ್ಸ್ ಆಫ್ ಟೆರರ್’ ಎಂಬ ಕಥೆಯು ಈ ಆಟದಂತೆಯೇ ಆದ್ಯಂತ ನೌಕಾಯುದ್ಧ. ಅದೃಶ್ಯವಾಗಿ ಸಂಚರಿಸುವ ರೋಮುಲನ್ ನೌಕೆಯೊಂದನ್ನು ಎಂಟರ್‌ಪ್ರೈಸ್ ಬೆನ್ನಟ್ಟುವ ಕಥೆ. ಅದು ಆರಂಭವಾಗುವುದು ಒಂದು ಮದುವೆಯಿಂದ. ನೌಕೆಯ ಪ್ರಾರ್ಥನಾಮಂದಿರದಲ್ಲಿ ಕರ್ಕನೇ ನಿಂತು ವಧೂವರರನ್ನು ಕೂಡಿಸುತ್ತಿರುವಾಗ ಅಪಾಯದ ಕರೆ ಮೊಳಗಿ ವಿಧಿ ಅರ್ಧಕ್ಕೆ ನಿಲ್ಲುತ್ತದೆ. ಕದನವೆಲ್ಲ ಮುಗಿದಾಗ ನೌಕೆಯಲ್ಲಿ ಸತ್ತವನು ಒಬ್ಬನೇ, ಅವನು ಆ ವರ. ಶತ್ರುನಾಯಕನೂ ಸಾಮಾನ್ಯ ಖಳನಲ್ಲ. ಯುದ್ಧದಿಂದ ಬೇಸತ್ತ, ಕರ್ತವ್ಯಕ್ಕೆ ಕಟ್ಟುಬಿದ್ದ ಪ್ರೌಢ ಪುರುಷ. ಬೇರೊಂದು ಸನ್ನಿವೇಶದಲ್ಲಿ ತಾವಿಬ್ಬರೂ ಸ್ನೇಹಿತರಾಗಬಹುದಾಗಿತ್ತೆಂದು ಕರ್ಕನಿಗೆ ತಿಳಿಸಿ ತನ್ನ ನೌಕೆಯನ್ನು ತಾನೇ ಸ್ಫೋಟಿಸಿಕೊಳ್ಳುತ್ತಾನೆ. ಒಬ್ಬನ ಸಾವಿಗೆ ಇಷ್ಟು ತೂಕ ಕೊಟ್ಟ ಕೃತಿಯ ಹೆಸರನ್ನು ಹೊತ್ತ ಆಟದಲ್ಲಿ ನೂರಾರು ಜನರ ಸಾವಿಗೆ ತೂಕವಿಲ್ಲವೆಂಬುದು ನನ್ನನ್ನು ನಿಜವಾಗಿ ನೋಯಿಸುತ್ತದೆ.

ಇದಕ್ಕಿಂತಲೂ ನೇರವಾಗಿ ನಮ್ಮ ಪ್ರಶ್ನೆಯನ್ನು ಮುಟ್ಟುವ ಕಥೆ 1967ರ ಫೆಬ್ರುವರಿ 23ರಂದು ಪ್ರಸಾರವಾದ ‘ಎ ಟೇಸ್ಟ್ ಆಫ್ ಆರ್ಮಗೆಡಾನ್’. ಎಮಿನಿಯರ್, ವೆಂಡಿಕಾರ್ ಎಂಬೆರಡು ಗ್ರಹಗಳು ಐನೂರು ವರ್ಷಗಳಿಂದ ಯುದ್ಧದಲ್ಲಿವೆ. ಆದರೆ ಎಲ್ಲಿಯೂ ಒಂದು ಕಟ್ಟಡ ಬಿದ್ದಿಲ್ಲ, ಒಂದು ಬೀದಿ ಹಾಳಾಗಿಲ್ಲ. ಯುದ್ಧವೆಲ್ಲ ಗಣಕಯಂತ್ರಗಳಲ್ಲಿ ನಡೆಯುತ್ತದೆ. ಯಂತ್ರವು ಇಂತಿಂಥವರು ಸತ್ತರೆಂದು ಲೆಕ್ಕ ಹಾಕಿದೊಡನೆ, ಆ ಜನರು ತಾವಾಗಿಯೇ ಹೋಗಿ ಸಂಹಾರಯಂತ್ರವನ್ನು ಹೊಗುತ್ತಾರೆ. ಕರ್ಕನ ತಂಡಕ್ಕೆ ದಾರಿ ತೋರುತ್ತಿದ್ದ ಮೀಯಾ ಎಂಬ ತರುಣಿ, ಸತ್ತವರ ಪಟ್ಟಿಯಲ್ಲಿ ತಾನೂ ಸೇರಿರುವುದಾಗಿ ಶಾಂತಳಾಗಿ ಹೇಳಿ, ಮರುದಿನ ನಡುಹಗಲಿನೊಳಗೆ ಹಾಜರಾಗಬೇಕೆಂದು ಸಿದ್ಧಳಾಗುತ್ತಾಳೆ. ನಾಗರಿಕತೆ ಉಳಿಯಲೆಂದು ತಾವು ಹೀಗೆ ಮಾಡಿಕೊಂಡೆವೆಂದು ಅಲ್ಲಿಯ ಮುಖಂಡ ವಾದಿಸುತ್ತಾನೆ. ಯುದ್ಧದ ಕೊಳೆ, ಕೂಗು, ದುರ್ಗಂಧಗಳನ್ನೆಲ್ಲ ಆಟದ ರೂಪವು ತೊಡೆದುಹಾಕಿದ್ದರಿಂದಲೇ ಆ ಯುದ್ಧವು ನಿಲ್ಲಲು ಕಾರಣವೇ ಇಲ್ಲದೆ ನಡೆದು ಬಂದಿತೆಂದು ಕಂಡ ಕರ್ಕನು ಆ ಯಂತ್ರಗಳನ್ನು ಧ್ವಂಸ ಮಾಡುತ್ತಾನೆ.

ಅಲ್ಲಿ ಕದನವು ಕೃತಕ, ಮರಣವು ನಿಜ. ನಮ್ಮ ಆಟದಲ್ಲಿ ಎರಡೂ ಕೃತಕ. ಎರಡೂ ಕೃತಕವಾಗಿದ್ದ ಮೇಲೆ ಪಾಪಪುಣ್ಯದ ಮಾತೇಕೆ ಎಂಬ ಆಕ್ಷೇಪಕ್ಕೆ ಉತ್ತರವನ್ನು ಹೊಯ್ಸಳರ ಕಾಲದ ಜನ್ನನು 1209ರಲ್ಲಿ ರಚಿಸಿದ ‘ಯಶೋಧರ ಚರಿತೆ’ಯಲ್ಲಿ ಹುಡುಕಬೇಕೆಂದು ನನಗೆ ತೋರುತ್ತದೆ. ದುಃಸ್ವಪ್ನದ ಶಾಂತಿಗಾಗಿ ದೇವಿಗೆ ಬಲಿ ಕೊಡೆಂದು ತಾಯಿ ಚಂದ್ರಮತಿ ಒತ್ತಾಯಿಸುತ್ತಾಳೆ. ಜೀವಹಿಂಸೆಯನ್ನು ಒಲ್ಲದ ಯಶೋಧರ ನಿರಾಕರಿಸುತ್ತಾನೆ. ಕೊನೆಗೆ ಇಬ್ಬರ ನಡುವೆ ಒಪ್ಪಂದವಾಗಿ ಹಿಟ್ಟಿನಿಂದ ಕೋಳಿಯೊಂದನ್ನು ಮಾಡಿ ಕತ್ತರಿಸುತ್ತಾರೆ. ಕತ್ತಿ ತಾಗಿದಾಗ ಹಿಟ್ಟಿನ ಕೋಳಿ ಕೂಗುತ್ತದೆ. ಆ ಒಂದು ಕೃತ್ಯದ ಫಲವಾಗಿ ತಾಯಿಯೂ ಮಗನೂ ನಾಯಿ, ನವಿಲು ಮೊದಲಾದ ತಿರ್ಯಗ್ಜನ್ಮಗಳಲ್ಲಿ ಮತ್ತೆ ಮತ್ತೆ ಹುಟ್ಟಿ, ಮತ್ತೆ ಮತ್ತೆ ಕೊಲ್ಲಲ್ಪಡುತ್ತಾರೆ. ಒಂದು ಹಿಡಿ ಹಿಟ್ಟಿಗೆ ಇಷ್ಟು ದಂಡವೇ ಎಂದು ಓದುಗನ ಮನಸ್ಸು ಪ್ರತಿಭಟಿಸುವುದು ಸ್ವಾಭಾವಿಕ. ಆದರೆ ಯಶೋಧರನು ಏನನ್ನು ಬಯಸಿದ್ದನೆಂಬುದನ್ನು ಗಮನಿಸಬೇಕು. ಕೊಲೆಯಿಂದ ದೊರೆಯುವುದೆಂದು ನಂಬಿದ್ದ ಫಲ ಅವನಿಗೆ ಬೇಕಾಗಿತ್ತು, ಕೊಲೆಯ ಹೊಣೆ ಬೇಡವಾಗಿತ್ತು. ಕತ್ತಿಯನ್ನೆತ್ತುವಾಗ ಅವನ ಸಂಕಲ್ಪವು ಜೀವಂತ ಕೋಳಿಯ ಮೇಲೆಯೇ ಇತ್ತು, ಹಿಟ್ಟು ಅವನ ನೆವವಾಗಿತ್ತು. ಉಮಾಸ್ವಾತಿಯ ತತ್ತ್ವಾರ್ಥಸೂತ್ರವು ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಾಣಹರಣಕ್ಕಿಂತ ಮೊದಲು ಪ್ರಮಾದವನ್ನು, ಎಂದರೆ ಮನಸ್ಸಿನ ಎಚ್ಚರಗೇಡಿತನವನ್ನು, ಹೆಸರಿಸುತ್ತದೆಂಬುದನ್ನು ನೆನೆದರೆ, ಜೈನರ ವಿಚಾರವು ಇಲ್ಲಿ ಎಷ್ಟು ಸೂಕ್ಷ್ಮವೆಂಬುದು ತಿಳಿಯುತ್ತದೆ.

ಹಾಗಾದರೆ ಲೆಗಸಿಯನ್ನು ಆಡುವ ಹುಡುಗನೂ ಯಶೋಧರನಂತೆಯೇ ಅಪರಾಧಿಯೆ? ನಾನು ಹಾಗೆ ಹೇಳಲಾರೆ. ಯಶೋಧರನಿಗೆ ಆಟದ ಹೊರಗೆ ಒಂದು ಪ್ರಯೋಜನ ಬೇಕಾಗಿತ್ತು. ಈ ಹುಡುಗನಿಗೆ ಆಟದ ಸಂತೋಷದ ಹೊರಗೆ ಏನೂ ಬೇಡ. ಆತ ಯಾವ ದೇವತೆಗೂ ಯಾರ ಪ್ರಾಣವನ್ನೂ ಅರ್ಪಿಸುತ್ತಿಲ್ಲ. ಆಟ ಆಡಿದವರೆಲ್ಲ ಬೀದಿಯಲ್ಲಿ ಕ್ರೂರಿಗಳಾಗುವರೆಂಬ ಮಾತಂತೂ ನನ್ನ ಬಾಯಲ್ಲಿ ಬಾರದು. ಕ್ರೀಡೆಯನ್ನು ಜಗತ್ಸೃಷ್ಟಿಗೇ ಉಪಮಾನವಾಗಿ ಬಳಸಿದ ವೇದಾಂತವುಳ್ಳ ದೇಶದಲ್ಲಿ ಕ್ರೀಡೆಯನ್ನು ಹಗುರವಾಗಿ ಕಾಣುವುದು ಸಲ್ಲದು. ನನ್ನ ಆತಂಕವೆಲ್ಲ ‘ಇದು ಬರಿಯ ಆಟವಲ್ಲವೆ’ ಎಂಬ ಮಾತಿನದು. ಅದು ‘ಇದು ಬರಿಯ ಹಿಟ್ಟಲ್ಲವೆ’ ಎಂಬುದರ ಒಡಹುಟ್ಟು. ಉರಿಯುತ್ತಿರುವ ನೌಕೆಯೊಳಗೆ ಜನರಿದ್ದಾರೆಂದು ಕಥೆಯು ನಮ್ಮನ್ನು ನಂಬಿಸಿದ್ದರಿಂದಲೇ ಕದನಕ್ಕೆ ರಸವುಂಟಾಯಿತು. ಆ ನಂಬಿಕೆಯಿಂದ ರಸವನ್ನು ಪಡೆದು, ಆ ಜನರ ಮಾತು ಬಂದಾಗ ಮಾತ್ರ ಇದು ಸುಳ್ಳೆನ್ನುವುದು, ಫಲವನ್ನಿಟ್ಟುಕೊಂಡು ಹೊಣೆಯನ್ನು ಬಿಟ್ಟಂತೆಯೇ ಸರಿ. ಇವರು ಲೆಕ್ಕಕ್ಕಿಲ್ಲದವರು ಎಂದು ಮನಸ್ಸು ಒಂದು ಕ್ಷಣವಾದರೂ ನಿಶ್ಚಯಿಸಿತಲ್ಲ, ಆ ನಿಶ್ಚಯವು ಕೃತಕವಲ್ಲ. ಅದು ನಡೆದದ್ದು ನಿಜವಾದ ಒಂದು ಅಂತಃಕರಣದಲ್ಲಿ.

ಸ್ಟಾರ್ ಟ್ರೆಕ್‌ನ ಲೋಕವೂ ಈ ಸತ್ಯವನ್ನು ಅರಿಯದುದಲ್ಲ. 1982ರ ‘ದಿ ರಾತ್ ಆಫ್ ಖಾನ್’ ಚಿತ್ರದಲ್ಲಿ ಕೊಬಯಾಶಿ ಮಾರು ಎಂಬ ಪರೀಕ್ಷೆ ಬರುತ್ತದೆ. ಗೆಲ್ಲಲು ಸಾಧ್ಯವೇ ಇಲ್ಲದಂತೆ ಕಟ್ಟಿದ ಕೃತಕ ಕದನವದು. ಅದರಲ್ಲಿ ಸಾಯುವವರೆಲ್ಲ ಪರೀಕ್ಷೆ ಮುಗಿದೊಡನೆ ಎದ್ದು ನಿಲ್ಲುತ್ತಾರೆ. ಆದರೂ ಆಗ ತೋರಿದ ಶೀಲವನ್ನು ಪರೀಕ್ಷಾರ್ಥಿಯ ನಿಜವಾದ ಶೀಲವೆಂದೇ ಎಣಿಸುತ್ತಾರೆ.

ಲೆಗಸಿಯ ಕಥೆಯನ್ನು ಬರೆದವರಲ್ಲಿ ಡಿ. ಸಿ. ಫಾಂಟಾನಾ ಒಬ್ಬರು, 1960ರ ದಶಕದ ಮೂಲ ಮಾಲಿಕೆಗೂ ಕಥೆಗಳನ್ನು ಕೊಟ್ಟವರು. ಅಂಥವರ ಕೈ ತಾಗಿದ ಆಟದಲ್ಲಿ ಹೆಚ್ಚಿನದೇನನ್ನೂ ಬೇಡಬೇಕಾಗಿರಲಿಲ್ಲ. ನೌಕೆಯ ಕವಚ ಎಷ್ಟು ಉಳಿದಿದೆಯೆಂದು ತೋರಿಸುವ ಗುರುತಿನ ಪಕ್ಕದಲ್ಲಿ ಒಳಗೆ ಎಷ್ಟು ಮಂದಿ ಉಳಿದಿದ್ದಾರೆಂಬ ಅಂಕೆಯೊಂದು ಇದ್ದು, ಅಂಕ ತೆತ್ತು ಕೊಂಡ ಹೊಸ ನೌಕೆ ಬಂದ ಮೇಲೆಯೂ ಹಳೆಯ ನೌಕೆಯ ಆ ಅಂಕೆ ಸೊನ್ನೆಯಾಗಿಯೇ ಕಣ್ಣೆದುರು ನಿಂತಿದ್ದರೆ ಸಾಕಾಗಿತ್ತು. ಕದನದ ಸೊಗಸು ಅದರಿಂದ ಕುಂದುತ್ತಿರಲಿಲ್ಲ. ಗಾಯಗೊಂಡ ನೌಕೆಯನ್ನು ಮುಂದಕ್ಕೆ ಅಟ್ಟುವುದೋ ಹಿಂದಕ್ಕೆ ಕರೆದು ದುರಸ್ತಿಗೆ ಬಿಡುವುದೋ ಎಂಬಲ್ಲಿ, ಲೆಕ್ಕಾಚಾರದ ಜೊತೆಗೆ ಧರ್ಮಸಂಕಟವೂ ಆಡುವವನ ಪಾಲಿಗೆ ಬರುತ್ತಿತ್ತು.