ಪಕ್ಕದ ಮಗ್ಗ ನಿಲ್ಲದಿರಲಿ

ಗಜೇಂದ್ರಗಡದಲ್ಲಿ ಒಬ್ಬ ಮಾಲೀಕರ ಕೈಮಗ್ಗಗಳಲ್ಲಿ ಹನ್ನೆರಡು ಮಂದಿ ವಾರಕ್ಕೆ ಆರು ದಿನ ನೇಯುತ್ತಾರೆನ್ನಿ. ಸೀರೆಗೆ ಗಿರಾಕಿ ಕುಗ್ಗಿದಾಗ ಇಬ್ಬರನ್ನು ಬಿಡಿಸಬಹುದು. ಇಲ್ಲವೇ ಹನ್ನೆರಡೂ ಮಂದಿ ಐದೇ ದಿನ ನೇಯಬಹುದು. ನೇಯ್ಗೆಯ ಲೆಕ್ಕ ಒಂದೇ. ಯಾರ ಒಲೆಯೂ ಆರದು.

2020ರ ಕೋವಿಡ್ ಸಂಕಟದಲ್ಲಿ ಜರ್ಮನಿ ಹೀಗೆಯೇ ಲಕ್ಷಾಂತರ ಜನರ ಕೆಲಸ ಉಳಿಸಿತು. ಕಡಿತವಾದ ಸಂಬಳದ ಕನಿಷ್ಠ ಶೇ. 60ರಷ್ಟನ್ನು ಸರಕಾರಿ ವಿಮಾ ನಿಧಿ ತುಂಬಿಕೊಟ್ಟಿತು. ನಮ್ಮ ನೇಕಾರರಿಗೆ ಅಂಥ ಆಸರೆಯಿಲ್ಲ.

ಮತ್ತಾಯನ ಶುಭಸಂದೇಶದ 20ನೇ ಅಧ್ಯಾಯದಲ್ಲಿ, ಒಂದೇ ತಾಸು ದುಡಿದವನಿಗೂ ದ್ರಾಕ್ಷಿತೋಟದ ಯಜಮಾನ ದಿನದ ಕೂಲಿ ಕೊಟ್ಟ. ತಡವಾಗಿ ಕೆಲಸ ಸಿಕ್ಕವನ ಮನೆಗೂ ರೊಟ್ಟಿ ಬೇಕಲ್ಲವೇ? ಮಾಲೀಕರೇ, ಆರನೆಯ ದಿನದ ನಷ್ಟದಲ್ಲಿ ನಿಮ್ಮ ಪಾಲೂ ಇರಲಿ. ನೇಕಾರ ಬಂಧುಗಳೇ, ಪಕ್ಕದ ಮಗ್ಗ ನಿಲ್ಲದಿರಲೆಂದು ಒಂದು ದಿನ ಬಿಟ್ಟುಕೊಡಿ. ಹಂಚಿಕೊಂಡ ರೊಟ್ಟಿಯನ್ನು ಪ್ರಭು ಆಶೀರ್ವದಿಸಲಿ.