ಸಮ ಎಂಬ ಚಿಹ್ನೆ

ಕಳೆದ ತಿಂಗಳು ನಮ್ಮೂರಿನ ಪದವಿಪೂರ್ವ ಕಾಲೇಜಿನಿಂದ ಒಂದು ಆಹ್ವಾನ ಬಂತು. ವಾರ್ಷಿಕೋತ್ಸವದ ದಿನ ವಿದ್ಯಾರ್ಥಿಗಳನ್ನು ಕುರಿತು ಹತ್ತು ನಿಮಿಷ ಮಾತನಾಡಬೇಕಂತೆ. ವಿಷಯವನ್ನೂ ಅವರೇ ಗೊತ್ತುಮಾಡಿದ್ದರು: ‘ಸಮಾನತೆ ಮತ್ತು ವೈವಿಧ್ಯ’. ಜೀವಮಾನವೆಲ್ಲ ಗಣಿತ ಪಾಠ ಹೇಳಿ ನಿವೃತ್ತನಾದವನಿಗೆ ಇಂಥ ವಿಷಯವನ್ನು ಏಕೆ ಕೊಟ್ಟರೋ ತಿಳಿಯದು. ದಿನಕ್ಕೆ ನೂರು ಸಲ ‘ಸಮ’ ಚಿಹ್ನೆಯನ್ನು ಬರೆದ ಕೈ ಇದಕ್ಕೂ ಆದೀತು ಎಂದು ಭಾವಿಸಿರಬೇಕು. ನಾನು ಸಂತೋಷದಿಂದಲೇ ಒಪ್ಪಿಕೊಂಡೆ. ಇಂಥ ವಿಷಯದ ಮೇಲೆ ಮಾತನಾಡುವುದೇನೂ ಕಷ್ಟವಲ್ಲ. ಸಮಾನತೆ ಬೇಡವೆನ್ನುವವರು ಯಾವ ಸಭೆಯಲ್ಲಿಯೂ ಕೈಯೆತ್ತುವುದಿಲ್ಲ. ಎಲ್ಲರೂ ಒಪ್ಪುವ ನಾಲ್ಕು ಮಾತು ಹೇಳಿ, ಹಾರ ಹಾಕಿಸಿಕೊಂಡು, ಹೊತ್ತಿಗೆ ಸರಿಯಾಗಿ ಮನೆ ಸೇರಬಹುದು.

ರಾತ್ರಿ ಊಟವಾದ ಮೇಲೆ ಕಾಗದ ತೆಗೆದುಕೊಂಡು ಕುಳಿತೆ. ಮೊದಲ ವಾಕ್ಯ ಸಲೀಸಾಗಿ ಬಂತು: “ನಾನು ಅಧ್ಯಾಪಕನಾಗಿದ್ದಷ್ಟು ಕಾಲವೂ ಯಾವ ವಿದ್ಯಾರ್ಥಿಯ ಜಾತಿಯನ್ನೂ ಕೇಳಲಿಲ್ಲ, ನನಗೆ ಎಲ್ಲರೂ ಒಂದೇ ಆಗಿದ್ದರು.” ಬರೆದು, ಇನ್ನೊಮ್ಮೆ ಓದಿಕೊಂಡೆ. ಎರಡನೆಯ ವಾಕ್ಯ ಬರಲೇ ಇಲ್ಲ. ಮೊದಲನೆಯದು ನಿಜವೇ ಎಂಬ ಸಂದೇಹ ಅಡ್ಡ ಬಂದು ನಿಂತಿತು.

ಅದು ಸುಳ್ಳಂತೂ ಅಲ್ಲ. ನನ್ನ ಹಾಜರಿ ಪುಸ್ತಕವೇ ಅದಕ್ಕೆ ಸಾಕ್ಷಿಯಾಗಬಹುದಿತ್ತು. ತೊಂಬತ್ತು ಹುಡುಗ ಹುಡುಗಿಯರಿಗೆ ತೊಂಬತ್ತು ಅಂಕಿಗಳು. ನಾನು ಅಂಕಿ ಕೂಗುತ್ತಿದ್ದೆ, ಅವರು “ಎಸ್ ಸಾರ್” ಎನ್ನುತ್ತಿದ್ದರು. ಅಂಕಿಗೆ ಜಾತಿಯಿಲ್ಲ, ಮತವಿಲ್ಲ, ಊರಿಲ್ಲ, ಅಪ್ಪನ ಸಂಬಳವಿಲ್ಲ. ಕಾಲೇಜಿಗೆ ಸೇರಿಸಿಕೊಳ್ಳುವಾಗ ಜಾತಿಯ ಕಲಂ ತುಂಬಬೇಕಾಗಿ ಬಂದಾಗಲೆಲ್ಲ, ಇದು ಗುಮಾಸ್ತರ ಕೆಲಸ, ಇದರಿಂದ ನನ್ನ ಕೈ ಮೈಲಿಗೆಯಾಗಬಾರದು ಎಂದುಕೊಳ್ಳುತ್ತಿದ್ದೆ. ‘ಮೈಲಿಗೆ’ ಎಂಬ ಮಾತನ್ನೇ ಮನಸ್ಸು ಆರಿಸಿಕೊಂಡದ್ದು ಆಗ ನನಗೆ ಹೊಳೆದಿರಲಿಲ್ಲ.

1998ನೆಯ ಇಸವಿಯಲ್ಲಿ ನನ್ನ ಮೊದಲ ವರ್ಷದ ವಿಜ್ಞಾನದ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಹಳ್ಳಿಯ ಪ್ರೌಢಶಾಲೆಯಲ್ಲಿ ಕನ್ನಡದಲ್ಲಿ ಕಲಿತು ಬಂದವನು. ನಾನು ಎಲ್ಲರಿಗೂ ಒಂದೇ ಪಾಠವನ್ನು, ಒಂದೇ ಇಂಗ್ಲಿಷಿನಲ್ಲಿ, ಒಂದೇ ವೇಗದಲ್ಲಿ ಹೇಳುತ್ತಿದ್ದೆ. ಪಕ್ಷಪಾತವೆಂಬುದು ಎಳ್ಳಷ್ಟೂ ಇರಲಿಲ್ಲ. ಒಂದು ದಿನ ಪಾಠದ ನಡುವೆ ಈತ ಎದ್ದು ನಿಂತು, “ಸಾರ್, ಕೋಎಫಿಷಿಯಂಟ್ ಅಂದ್ರೆ ಸಹಗುಣಕಾನಾ ಸಾರ್?” ಎಂದು ಕೇಳಿದ. ತರಗತಿಯಲ್ಲಿ ಕೆಲವರು ನಕ್ಕರು. ಅಷ್ಟರಲ್ಲಿ ಅವನ ಹಿಂದಿನ ಮೂರು ಸಾಲುಗಳಲ್ಲಿ ಪೆನ್ನುಗಳು ಒಟ್ಟಿಗೆ ಓಡಿದುವು. ಎರಡು ತಿಂಗಳಿಂದ ನಾನು ಕೋಎಫಿಷಿಯಂಟ್ ಎನ್ನುತ್ತಲೇ ಇದ್ದೆ. ಆ ಮೂರು ಸಾಲಿನವರು ಅದೇನೆಂದು ತಿಳಿಯದೆ ತಲೆಯಾಡಿಸುತ್ತಲೇ ಇದ್ದರು. ವರ್ಗ ಸಮೀಕರಣವನ್ನು ಬಿಡಿಸಬಲ್ಲವರೇ ಎಲ್ಲರೂ. ಅದಕ್ಕೆ ಕ್ವಾಡ್ರಾಟಿಕ್ ಈಕ್ವೇಷನ್ ಎಂಬ ಇನ್ನೊಂದು ಹೆಸರಿದೆಯೆಂಬುದು ಮಾತ್ರ ಗೊತ್ತಿರಲಿಲ್ಲ. ಎಲ್ಲರಿಗೂ ಒಂದೇ ಪಾಠ ಹೇಳಿದೆನೆಂಬ ನನ್ನ ಹೆಮ್ಮೆಯ ಅರ್ಥ ಇಷ್ಟು: ಅರ್ಧ ತರಗತಿಗೆ ಪಾಠ ಹೇಳಿದ್ದೆ, ಉಳಿದರ್ಧಕ್ಕೆ ಸದ್ದು ಮಾಡಿದ್ದೆ.

ಅಂದಿನಿಂದ ಹೊಸ ಪದ ಬಂದಾಗಲೆಲ್ಲ ಕರಿಹಲಗೆಯ ಒಂದು ಮೂಲೆಯಲ್ಲಿ ಕನ್ನಡದ ಪದವನ್ನೂ ಬರೆಯತೊಡಗಿದೆ. ಅದಕ್ಕೆ ಹಿಡಿದದ್ದು ದಿನಕ್ಕೆ ಎರಡು ನಿಮಿಷ. ಮೊದಲೇ ಗೊತ್ತಿದ್ದವರಿಗೆ ಇದರಿಂದ ಯಾವ ನಷ್ಟವೂ ಆಗಲಿಲ್ಲ. ಆ ಹುಡುಗನಂತೂ ತಿಂಗಳೊಪ್ಪತ್ತಿನಲ್ಲಿ ಎರಡನೆಯ ಬೆಂಚಿಗೆ ಬಂದ. ಮಧ್ಯಾಹ್ನದ ಬಿಡುವಿನಲ್ಲಿ ಪೇಟೆಯ ಹುಡುಗರು ಡಬ್ಬಿ ಹಿಡಿದುಕೊಂಡು ಅವನ ಸುತ್ತ ಕುಳಿತು ಲೆಕ್ಕ ಹೇಳಿಸಿಕೊಳ್ಳುವುದನ್ನು ನಾನೇ ಕಂಡಿದ್ದೇನೆ. ಕಥೆ ಇಲ್ಲಿಗೆ ನಿಂತಿದ್ದರೆ ನನ್ನ ಭಾಷಣಕ್ಕೆ ಒಳ್ಳೆಯ ನಿದರ್ಶನವಾಗುತ್ತಿತ್ತು.

ಒಂದು ದಿನ ಆಫೀಸಿನಿಂದ ಜವಾನ ಒಂದು ಚೀಟಿ ತಂದ. ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡದ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಬೇಕಾದವರ ಪಟ್ಟಿ. ನಾಳೆಯೇ ಕೊನೆಯ ದಿನ. ನಾನು ಪಾಠ ನಿಲ್ಲಿಸಿ, ತಲೆಬರಹವೂ ಸೇರಿದಂತೆ ಪಟ್ಟಿಯನ್ನು ಗಟ್ಟಿಯಾಗಿ ಓದಿದೆ. “ಈ ಹೆಸರಿನವರು ಎದ್ದು ನಿಲ್ಲಿ” ಎಂದೆ. ಹನ್ನೊಂದು ಹೆಸರು, ಹತ್ತು ಜನ ಎದ್ದರು. ಹನ್ನೊಂದನೆಯ ಹೆಸರನ್ನು ಮತ್ತೆ ಕೂಗಿದೆ. ಕಿವಿ ಮಂದವೇ ಎಂದೂ ಗದರಿದೆ. ಎರಡನೆಯ ಬೆಂಚಿನಿಂದ ಆತ ಎದ್ದು ನಿಂತ. ಅವನ ಜಾತಿ ಅಲ್ಲಿಯವರೆಗೆ ನನಗೆ ನಿಜವಾಗಿಯೂ ಗೊತ್ತಿರಲಿಲ್ಲ. ಅಂದು ನನಗೂ ಗೊತ್ತಾಯಿತು, ಉಳಿದ ಎಂಬತ್ತೊಂಬತ್ತು ಜನರಿಗೂ ಗೊತ್ತಾಯಿತು.

ಮುಂದಿನ ವಾರ ಅವನ ಪಕ್ಕದ ಇಬ್ಬರು ಬೇರೆ ಬೆಂಚಿಗೆ ಹೋದರು. ನಾನು ಅದನ್ನು ಕಂಡೆ. ಹುಡುಗರು ಜಾಗ ಬದಲಿಸುವುದು ಇದ್ದದ್ದೇ ಎಂದುಕೊಂಡೆ. ಮಧ್ಯಾಹ್ನದ ಡಬ್ಬಿಯ ಗುಂಪು ಕಿಟಕಿಯ ಬಳಿಗೆ ಸರಿಯಿತು. ಅವನು ಕೊನೆಯ ಬೆಂಚಿಗೆ ಹೋದ. ಪ್ರಶ್ನೆ ಕೇಳುವುದನ್ನು ನಿಲ್ಲಿಸಿದ. ವಿದ್ಯಾರ್ಥಿವೇತನಕ್ಕೆ ಅರ್ಜಿಯನ್ನೂ ಹಾಕಲಿಲ್ಲವೆಂದು ಆಫೀಸಿನಿಂದ ತಿಳಿಯಿತು. ಒಂದು ದಿನ ಜಗಲಿಯಲ್ಲಿ ಸಿಕ್ಕಿದಾಗ ಹಿಡಿದು ನಿಲ್ಲಿಸಿ ಕೇಳಿದೆ: “ಅದು ಸರಕಾರ ಕೊಡುವ ಹಣ ಕಣಪ್ಪ, ಅದರಲ್ಲಿ ನಾಚಿಕೆಯೇನು?” ಅವನು ಗೋಡೆ ನೋಡುತ್ತ ಹೇಳಿದ: “ನಾಚ್ಕೆ ದುಡ್ಡಿಗಲ್ಲ ಸಾರ್. ಅವತ್ತಿನ ತನಕ ನಾನು ಲೆಕ್ಕದ ಹುಡುಗ ಆಗಿದ್ದೆ.”

ಎರಡನೆಯ ವರ್ಷ ಸಾಧಾರಣವಾಗಿ ಪಾಸಾಗಿ ಹೊರಟುಹೋದ. ಎಲ್ಲಿದ್ದಾನೋ ತಿಳಿಯದು. ಈಗ ನಲವತ್ತು ದಾಟಿರಬೇಕು. ಬರೆಯುವ ಕಾಗದದ ಮೇಲೆ ನನ್ನ ಎರಡನೆಯ ವಾಕ್ಯವನ್ನು ತಡೆದವನು ಅವನೇ.

ಆ ಪಟ್ಟಿ ಓದಿದ ದಿನ ಇನ್ನೊಬ್ಬ ಹುಡುಗನೂ ನನ್ನ ಬಳಿಗೆ ಬಂದಿದ್ದ. ಮದುವೆ ಮನೆಗಳಲ್ಲಿ ಅಡಿಗೆ ಮಾಡುವವರ ಮಗ; ಆಷಾಢ ಬಂತೆಂದರೆ ಮನೆಯ ಒಲೆಯೇ ಆರುವಂಥ ಸಂಸಾರ. “ಸಾರ್, ಕಷ್ಟ ನಮ್ಮನೇಲೂ ಇದೆಯಲ್ಲ, ನನ್ನ ಹೆಸರು ಯಾಕಿಲ್ಲ?” ಎಂದು ಕೇಳಿದ. ಪ್ರಶ್ನೆ ನ್ಯಾಯವಾದದ್ದು. ನಮ್ಮ ಪತ್ರಿಕೆಗಳಲ್ಲಿಯೂ ಜಗಲಿಕಟ್ಟೆಗಳಲ್ಲಿಯೂ ಈ ಪ್ರಶ್ನೆಯನ್ನು ಕೋಪದಿಂದ ಕೇಳುವವರನ್ನು ಬಹಳ ಮಂದಿಯನ್ನು ಕಂಡಿದ್ದೇನೆ. ಆ ಹುಡುಗ ಕೇಳಿದ್ದು ಹಸಿವಿನಿಂದ. ಅವನಿಗೆ ನೆರವು ಬೇಕಿತ್ತು, ಅದರಲ್ಲಿ ಎರಡು ಮಾತಿಲ್ಲ. 2019ರಲ್ಲಿ ಸಂವಿಧಾನಕ್ಕೆ 103ನೆಯ ತಿದ್ದುಪಡಿಯಾಗಿ ಆರ್ಥಿಕವಾಗಿ ಹಿಂದುಳಿದವರಿಗೂ ಮೀಸಲಾತಿಯ ದಾರಿ ತೆರೆಯಿತು. ಅದರ ಸರಿತಪ್ಪುಗಳ ಚರ್ಚೆ ಬೇರೆ. ಆದರೆ ಆ ಇಬ್ಬರು ಹುಡುಗರ ಕಷ್ಟ ಒಂದೇ ಬಗೆಯದಾಗಿರಲಿಲ್ಲ ಎಂಬುದನ್ನು ನನ್ನ ತರಗತಿಯೇ ನನಗೆ ತೋರಿಸಿತ್ತು. ಅಡಿಗೆಯವರ ಮಗನ ಬಡತನ ಊರಿಗೆಲ್ಲ ಗೊತ್ತಿತ್ತು. ಆದರೂ ಅವನ ಪಕ್ಕದಿಂದ ಯಾರೂ ಎದ್ದು ಹೋಗಲಿಲ್ಲ.

ನಮ್ಮ ಹಿರಿಯರ ಕಾಲದಲ್ಲಿ ವಾರಾನ್ನವೆಂಬ ಪದ್ಧತಿಯಿತ್ತು. ಓದಲು ಪಟ್ಟಣಕ್ಕೆ ಬಂದ ಬಡ ಬ್ರಾಹ್ಮಣ ಹುಡುಗ ಸೋಮವಾರ ಒಂದು ಮನೆ, ಮಂಗಳವಾರ ಒಂದು ಮನೆ ಎಂದು ಉಂಡು ವಿದ್ಯೆ ಕಲಿಯುತ್ತಿದ್ದ. ಆ ಅನ್ನವನ್ನು ನಾನು ಹೀನವಾಗಿ ಕಾಣುವವನಲ್ಲ. ನನ್ನ ತಂದೆಯೂ ಅದನ್ನುಂಡೇ ಓದಿದವರು. ಆದರೆ ಆ ಮನೆಗಳ ಬಾಗಿಲು ತೆರೆದದ್ದು ಹುಡುಗನ ಜಾತಿ ನೋಡಿಯೇ ಎಂಬುದನ್ನು ಮರೆಯಬಾರದು. ಬೇರೆಯವರು ತಮ್ಮ ತಮ್ಮ ಜನಾಂಗದ ವಿದ್ಯಾರ್ಥಿನಿಲಯಗಳನ್ನು ಕಟ್ಟಿಕೊಳ್ಳಬೇಕಾಯಿತು. 1918ರಲ್ಲಿ ಮೈಸೂರು ಸರಕಾರ ನ್ಯಾಯಮೂರ್ತಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿ, ಹಿಂದೆ ಉಳಿದ ಜನಾಂಗಗಳಿಗೆ ಯಾವ ಬಗೆಯ ಉತ್ತೇಜನ ಕೊಡಬೇಕೆಂದು ವಿಚಾರ ಮಾಡಿಸಿತು. ಸ್ವತಂತ್ರ ಭಾರತದ ಸಂವಿಧಾನ 15ನೆಯ ವಿಧಿಯಲ್ಲಿ ಭೇದಭಾವ ಕೂಡದೆಂದು ಹೇಳಿತು. 1951ರಲ್ಲಿ ಅದೇ ವಿಧಿಗೆ ನಾಲ್ಕನೆಯ ಉಪವಿಧಿ ಸೇರಿ, ಹಿಂದುಳಿದವರ ಏಳಿಗೆಗಾಗಿ ವಿಶೇಷ ಏರ್ಪಾಡು ಮಾಡುವುದಕ್ಕೆ ಈ ವಿಧಿ ಅಡ್ಡಿಯಾಗದೆಂದೂ ಸ್ಪಷ್ಟವಾಯಿತು. ಒಂದರ ಬೆನ್ನಿಗೆ ಒಂದು ಇರುವ ಈ ಎರಡು ಮಾತುಗಳು ಪರಸ್ಪರ ವಿರೋಧವೆಂದು ಹಲವರಿಗೆ ತೋರುತ್ತದೆ. ಕೋಎಫಿಷಿಯಂಟಿನ ಪಾಠವಾದ ಮೇಲೆ ನನಗೆ ಹಾಗೆ ತೋರಿಲ್ಲ.

ಆದರೆ ಕಾನೂನು ಬಾಗಿಲನ್ನು ತೆರೆಯಬಲ್ಲದು. ಒಳಗೆ ಬಂದವನ ಪಕ್ಕದಲ್ಲಿ ಯಾರು ಕೂರಬೇಕೆಂದು ಅದು ಹೇಳಲಾರದು. ಅಂಬೇಡ್ಕರರು ಸಾತಾರೆಯ ಶಾಲೆಯಲ್ಲಿ ಓದುವಾಗ ಕೂರುವುದಕ್ಕೆ ಮನೆಯಿಂದಲೇ ಒಂದು ಗೋಣಿಯ ತುಂಡನ್ನು ಒಯ್ಯಬೇಕಾಗಿತ್ತು. ಸಂಜೆ ಅದನ್ನು ಮನೆಗೇ ತರಬೇಕಾಗಿತ್ತು, ಶಾಲೆಯ ಕಸ ಗುಡಿಸುವ ಆಳು ಅದನ್ನು ಮುಟ್ಟುತ್ತಿರಲಿಲ್ಲ. ನೀರಡಿಕೆಯಾದರೆ ಜವಾನ ಬಂದು ನಲ್ಲಿ ತಿರುಗಿಸಬೇಕು. ಅವನಿಲ್ಲದ ದಿನ ನೀರಿಲ್ಲ. ಹೀಗೆಂದು ಅವರೇ ಬರೆದಿಟ್ಟಿದ್ದಾರೆ. ಆ ಶಾಲೆಯ ಹಾಜರಿ ಪುಸ್ತಕದಲ್ಲಿ ಅವರ ಹೆಸರೂ ಉಳಿದವರ ಸಾಲಿನಲ್ಲಿಯೇ ಇದ್ದಿರಬೇಕಲ್ಲವೆ? ಹಾಜರಿ ಪುಸ್ತಕಕ್ಕೆ ಗೋಣಿಯ ತುಂಡು ಕಾಣಿಸುವುದಿಲ್ಲ. ನನಗೂ ಆ ಬೆಂಚು ಕಾಣಿಸಲಿಲ್ಲ.

‘ಸಮವಸ್ತ್ರ’ ಎಂಬ ಮಾತಿನಲ್ಲಿಯೂ ಒಂದು ಸಮವಿದೆ. ನಾನು ಸಮವಸ್ತ್ರದ ವಿರೋಧಿಯಲ್ಲ. ಅಪ್ಪನ ಜೇಬು ಮಗನ ಅಂಗಿಯಲ್ಲಿ ಕಾಣದಂತೆ ಅದು ಕಾಪಾಡುತ್ತದೆ. ಆದರೆ 2022ರಲ್ಲಿ ನಮ್ಮ ಪದವಿಪೂರ್ವ ಕಾಲೇಜುಗಳ ಬಾಗಿಲಲ್ಲಿ ತಲೆವಸ್ತ್ರದ ಹುಡುಗಿಯರು ನಿಂತಾಗ, ಸಮವೆಂಬ ಮಾತಿನ ಇನ್ನೊಂದು ಮುಖವೂ ಕಾಣಿಸಿತು. ಮಾರ್ಚಿಯಲ್ಲಿ ಉಚ್ಚ ನ್ಯಾಯಾಲಯ ಸರಕಾರದ ಆಜ್ಞೆಯನ್ನು ಎತ್ತಿಹಿಡಿಯಿತು. ಅಕ್ಟೋಬರಿನಲ್ಲಿ ಸರ್ವೋಚ್ಚ ನ್ಯಾಯಾಲಯದ ಇಬ್ಬರು ನ್ಯಾಯಮೂರ್ತಿಗಳ ಅಭಿಪ್ರಾಯ ಎರಡಾಯಿತು. ಅಂಥವರೇ ಒಮ್ಮತಕ್ಕೆ ಬರಲಾರದ ಕಡೆ ತೀರ್ಪು ಹೇಳುವುದು ನನ್ನ ಕೆಲಸವಲ್ಲ. ಅಧ್ಯಾಪಕನಾಗಿ ನನಗೆ ಕೇಳಲು ಬರುವುದು ಒಂದೇ ಪ್ರಶ್ನೆ: ಈ ನಿಯಮದಿಂದ ಯಾವ ಬೆಂಚು ಖಾಲಿಯಾಗುತ್ತದೆ? ಎಲ್ಲರಿಗೂ ಅನ್ವಯಿಸುವ ನಿಯಮವೊಂದು ಕೆಲವರನ್ನು ಮಾತ್ರ ಮನೆಗೆ ಕಳಿಸುವುದಾದರೆ, ಅದು ಏಕರೂಪವಾದ ನಿಯಮವಿರಬಹುದು, ಸಮವೆಂದು ಹೇಳುವ ಮೊದಲು ನಾನು ಎರಡು ಸಲ ಯೋಚಿಸುತ್ತೇನೆ.

ಗಣಿತದವನಾದ್ದರಿಂದ ನನಗೆ ನನ್ನ ಚಿಹ್ನೆಯೇ ಗುರು. ‘ಸಮ’ ಚಿಹ್ನೆಯ ಎರಡು ಪಕ್ಕಗಳನ್ನು ನೋಡಿ. ಒಂದು ಕಡೆ 7 + 5, ಇನ್ನೊಂದು ಕಡೆ 4 × 3. ನೋಟಕ್ಕೆ ಯಾವ ಹೋಲಿಕೆಯೂ ಇಲ್ಲ, ಬೆಲೆ ಒಂದೇ. ಎರಡು ಕಡೆಯೂ 12 ಎಂದೇ ಬರೆದರೆ ತಪ್ಪಲ್ಲ. ಆದರೆ ಅದರಿಂದ ಯಾರೂ ಏನನ್ನೂ ಕಲಿಯುವುದಿಲ್ಲ. ಬೇರೆಬೇರೆಯಾಗಿ ಕಾಣುವುದರ ಬೆಲೆ ಒಂದೇ ಎಂದು ಕಂಡುಕೊಳ್ಳುವುದಕ್ಕೇ ಸಮೀಕರಣವಿರುವುದು. ಸಮಾನತೆ, ವೈವಿಧ್ಯ ಎಂದು ಕಾಲೇಜಿನವರು ಎರಡು ಪದ ಬರೆದಿದ್ದರು. ನನ್ನ ಹಲಗೆಯ ಮೇಲೆ ಅವು ಎಂದೂ ಎರಡಾಗಿರಲಿಲ್ಲ.

ಈ ಚಿಹ್ನೆಯನ್ನು ಮೊದಲು ಬಳಸಿದವನು ವೇಲ್ಸಿನ ರಾಬರ್ಟ್ ರೆಕಾರ್ಡ್, 1557ರಲ್ಲಿ. ಒಂದೇ ಉದ್ದದ ಎರಡು ಸಮಾಂತರ ರೇಖೆಗಳಿಗಿಂತ ಹೆಚ್ಚು ಸಮವಾದ ಎರಡು ವಸ್ತುಗಳು ಇರಲಾರವೆಂಬುದು ಅವನ ಕಾರಣ. ಒಪ್ಪತಕ್ಕ ಕಾರಣವೇ. ಆದರೆ ಸಮಾಂತರ ರೇಖೆಗಳಿಗೆ ಇನ್ನೊಂದು ಗುಣವೂ ಉಂಟು: ಎಷ್ಟು ದೂರ ಎಳೆದರೂ ಅವು ಒಂದನ್ನೊಂದು ಸೇರುವುದಿಲ್ಲ. ನನ್ನ ತರಗತಿಯ ಬೆಂಚುಗಳೂ ಹಾಗೆಯೇ ಇದ್ದುವು.

ಪಟ್ಟಿಯನ್ನು ಓದದೆ, ಹನ್ನೊಂದು ಜನರನ್ನೂ ಒಬ್ಬೊಬ್ಬರನ್ನಾಗಿ ಕರೆದು ಹೇಳಿದ್ದರೆ ಆಗುತ್ತಿತ್ತು ಎಂದು ಬಹಳ ವರ್ಷ ನನ್ನನ್ನು ನಾನೇ ಹಳಿದುಕೊಂಡೆ. ಅದು ಸರಿಯೇ, ಕನಿಷ್ಠ ಮರ್ಯಾದೆ ಅಷ್ಟನ್ನು ಕೇಳುತ್ತದೆ. ಈಗಿನ ವಿದ್ಯಾರ್ಥಿವೇತನದ ಅರ್ಜಿ ಕಂಪ್ಯೂಟರಿನಲ್ಲಿಯೇ ಹೋಗುತ್ತದೆ, ಹಣ ನೇರವಾಗಿ ಬ್ಯಾಂಕಿಗೆ ಬರುತ್ತದೆ; ಆದರೂ ಅದೇ ಪಟ್ಟಿಯನ್ನು ತರಗತಿಯ ವಾಟ್ಸಪ್ ಗುಂಪಿಗೆ ಹಾಕುವ ಮೇಷ್ಟರು ಇದ್ದಾರೆಂದು ಕೇಳಿದ್ದೇನೆ. ಅವರು ದಯವಿಟ್ಟು ಹಾಗೆ ಮಾಡದಿರಲಿ. ಆದರೆ ಆ ರಾತ್ರಿ ಕಾಗದದ ಮುಂದೆ ಕುಳಿತಾಗ ಇನ್ನೊಂದು ಮಾತು ಹೊಳೆಯಿತು. ಗುಟ್ಟಾಗಿ ಹೇಳಬೇಕಾದಂಥದು ಆ ಹುಡುಗನಲ್ಲಿ ಏನಿತ್ತು? ಮರೆಮಾಡಬೇಕಾದ ನಡತೆ ಇದ್ದದ್ದು ಬೆಂಚು ಬದಲಿಸಿದ ಆ ಇಬ್ಬರಲ್ಲಿ. ತಲೆ ತಗ್ಗಿಸಿದವನು ಮಾತ್ರ ಇವನು. ನಾನು ಇವನನ್ನು ಜಗಲಿಯಲ್ಲಿ ನಿಲ್ಲಿಸಿ ಬುದ್ಧಿ ಹೇಳಿದೆ. ಅವರನ್ನು ಕರೆದು ಒಂದು ಮಾತೂ ಕೇಳಲಿಲ್ಲ. ಹದಿನೇಳು ವರ್ಷದ ಹುಡುಗರು ಅವರು. ಕೇಳಿದ್ದರೆ ಮರಳಿ ಬರುತ್ತಿದ್ದರೋ ಏನೋ. ನಾನು ಕೇಳದಿದ್ದುದಕ್ಕೆ ಕಾರಣ, “ನನಗೆ ಎಲ್ಲರೂ ಒಂದೇ” ಎಂಬ ಆ ವಾಕ್ಯವೇ. ಜಾತಿಯನ್ನು ಕಾಣೆನೆಂದು ವ್ರತ ಹಿಡಿದವನಿಗೆ ಜಾತಿಯ ಕೆಲಸವೂ ಕಾಣುವುದಿಲ್ಲ. ಆ ವ್ರತದಿಂದ ಶುದ್ಧವಾಗಿ ಉಳಿದವನು ನಾನೊಬ್ಬನೇ.

ವಾರ್ಷಿಕೋತ್ಸವ ಬರುವ ಶನಿವಾರ. ಬರೆದ ವಾಕ್ಯವನ್ನು ಹೊಡೆದುಹಾಕಿದ್ದೇನೆ. ಹತ್ತು ನಿಮಿಷದಲ್ಲಿ ಈ ಕಥೆಯನ್ನೇ ಹೇಳೋಣವೆಂದಿದ್ದೇನೆ, ಹೆಸರು ಹೇಳುವುದಿಲ್ಲ. ಒಂದು ತರಗತಿಯಲ್ಲಿ ಸಮಾನತೆ ಬಂದಿದೆಯೋ ಇಲ್ಲವೋ ನೋಡಬೇಕಾದರೆ ಮೇಷ್ಟರ ಭಾಷಣ ಕೇಳಬೇಡಿ, ಆ ಪಟ್ಟಿಯನ್ನು ಗಟ್ಟಿಯಾಗಿ ಓದಿದ ಮಾರನೆಯ ವಾರವೂ ಎರಡನೆಯ ಬೆಂಚಿನಲ್ಲಿ ಅದೇ ಮೂವರು ಕುಳಿತಿದ್ದಾರೆಯೇ ನೋಡಿ, ಎಂದು ಹೇಳಬೇಕೆಂದಿದ್ದೇನೆ. ಅಂಥ ದಿನ ಬರುವವರೆಗೆ ಪಟ್ಟಿಯನ್ನು ಮಡಿಸಿ ಜೇಬಿನಲ್ಲಿಟ್ಟುಕೊಳ್ಳುವುದು ಲೇಸು. ಅಂಥ ದಿನವನ್ನು ತರುವ ಕೆಲಸವನ್ನು ಮಾತ್ರ ಜೇಬಿನಲ್ಲಿಟ್ಟುಕೊಳ್ಳಬಾರದು.

ಇದನ್ನು ಕೇಳಿ ಮಕ್ಕಳು ಚಪ್ಪಾಳೆ ತಟ್ಟುವರೋ ಇಲ್ಲವೋ ಹೇಳಲಾರೆ. ಸಭೆ ಮುಗಿದು ಊಟಕ್ಕೆ ಏಳುವಾಗ ಯಾರ ಪಕ್ಕದಲ್ಲಿ ಯಾರು ಕೂರುತ್ತಾರೆಂದು ಈ ಸಲ ನೋಡಿಕೊಂಡೇ ಬರುತ್ತೇನೆ.