ಇಲ್ಲದವರಿಗಾಗಿ ಅಳುವುದು

ಕಳೆದ ಆಟಿ ತಿಂಗಳ ಒಂದು ರಾತ್ರಿ, ಹೊರಗೆ ಎಡೆಬಿಡದೆ ಮಳೆ ಸುರಿಯುತ್ತಿದ್ದಾಗ, ಒಂಬತ್ತನೆಯ ತರಗತಿಯಲ್ಲಿ ಓದುವ ನಮ್ಮ ಮೊಮ್ಮಗ ಊಟಕ್ಕೆ ಏಳಲಿಲ್ಲ. ಜ್ವರವೋ, ಶಾಲೆಯಲ್ಲಿ ಜಗಳವೋ ಎಂದು ವಿಚಾರಿಸಿದರೆ ಎರಡೂ ಅಲ್ಲ. ಕಂಪ್ಯೂಟರಿನ ಆಟವೊಂದರಲ್ಲಿ ಅವನ ಕೈಯಿಂದ ಒಂದು ಪಾತ್ರ ಸತ್ತಿತ್ತು. ನಾವು ನಕ್ಕೆವು. "ಪುನಃ ಮೊದಲಿಂದ ಆಡು, ಬದುಕುತ್ತಾಳೆ" ಎಂದೆವು. ಹಾಗೆಯೇ ಮಾಡಿದ್ದನಂತೆ, ಆದರೂ ಸಮಾಧಾನವಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅವನೇ ಬಳಿಗೆ ಬಂದು ಕೇಳಿದ: "ಅಜ್ಜ, ಇಲ್ಲದವರನ್ನು ಕೊಂದರೆ ಪಾಪ ಉಂಟಾ?"

ನಮ್ಮ ನಗು ಅಲ್ಲಿಗೆ ನಿಂತಿತು. ಈ ಸಂಚಿಕೆಗೆ ಲೇಖನ ಬೇಕೆಂದು ಸಂಪಾದಕರು ಕೇಳಿದಾಗ ಕಾಸರಗೋಡಿನ ಕನ್ನಡದ ಸ್ಥಿತಿಗತಿಯ ಬಗೆಗೆ ಬರೆಯಬೇಕೆಂದಿದ್ದೆವು. ಅದನ್ನು ನಮಗಿಂತ ಚೆನ್ನಾಗಿ ಬರೆಯುವವರು ಸಂಘದಲ್ಲಿ ಹಲವರಿದ್ದಾರೆ. ಹುಡುಗನ ಪ್ರಶ್ನೆಯ ಬಾಕಿ ಮಾತ್ರ ನಮ್ಮ ಮೇಲೆಯೇ ಉಳಿದಿದೆ.

ಆ ಆಟದ ಹೆಸರು 'ಅಂಡರ್‌ಟೇಲ್'. ಅಮೆರಿಕದ ಟೋಬಿ ಫಾಕ್ಸ್ ಎಂಬ ತರುಣ ಬಹುಮಟ್ಟಿಗೆ ಒಬ್ಬನೇ ಕುಳಿತು ರಚಿಸಿ 2015ರಲ್ಲಿ ಹೊರತಂದದ್ದು. ಬೆಟ್ಟದ ಬಿಲದೊಳಗೆ ಬಿದ್ದ ಮನುಷ್ಯ ಮಗುವೊಂದು ವಿಚಿತ್ರ ಜೀವಿಗಳ ಲೋಕವನ್ನು ಸೇರುತ್ತದೆ. ಆಡಿನ ಮೋರೆಯ ತಾಯಿಯೊಬ್ಬಳು, ಟೋರಿಯಲ್ ಎಂದು ಹೆಸರು, ಮಗುವನ್ನು ಕಾಪಾಡುತ್ತಾಳೆ. ಮುಳ್ಳಿನ ದಾರಿಯಲ್ಲಿ ಕೈಹಿಡಿದು ನಡೆಸುತ್ತಾಳೆ, ನಿದ್ದೆಹೋದಾಗ ತಾನು ಬೇಯಿಸಿದ ಸಿಹಿತಿಂಡಿಯನ್ನು ಹಾಸಿಗೆಯ ಪಕ್ಕ ಇಟ್ಟುಹೋಗುತ್ತಾಳೆ. ಮಗು ಹೊರಗೆ ಹೋಗುತ್ತೇನೆಂದಾಗ, ಹೋದರೆ ಸಾಯುವೆಯೆಂಬ ಭಯದಿಂದ ಬಾಗಿಲಿಗೆ ಅಡ್ಡ ನಿಲ್ಲುತ್ತಾಳೆ. ಆಡುವವನು ಆಗ ಹೊಡೆಯಬಹುದು, ಇಲ್ಲವೇ 'ಕರುಣೆ' ಎಂಬರ್ಥದ ಗುಂಡಿಯನ್ನು ಒತ್ತಬಹುದು. ಆ ಲೋಕದ ಬೇರೆ ಜೀವಿಗಳಲ್ಲಿ ಹೆಚ್ಚಿನವು ಪೆಟ್ಟು ತಿಂದು ಬಳಲಿದ ಮೇಲೆ ಬಿಟ್ಟುಬಿಡಲು ಒಪ್ಪುತ್ತವೆ. ಹುಡುಗನೂ ಇವಳನ್ನು ಸ್ವಲ್ಪ ಬಳಲಿಸಿ ಬಿಡೋಣವೆಂದುಕೊಂಡ. ಆದರೆ ಶಕ್ತಿ ಒಂದು ಮಿತಿಗಿಂತ ಕೆಳಗಿಳಿದ ಮೇಲೆ ಮುಂದಿನ ಪೆಟ್ಟಿಗೆ ಅವಳು ಒಮ್ಮೆಲೇ ಸತ್ತುಬಿಡುತ್ತಾಳೆ. ಹುಡುಗ ಹಿಂದಕ್ಕೆ ಹೋಗಿ ಮತ್ತೆ ಆಡಿ ಅವಳನ್ನು ಉಳಿಸಿದ. ಆಗ ಆಟದ ದುಷ್ಟ ಹೂವೊಂದು ಎದುರಿಗೆ ಬಂದು, ನೀನು ಮೊದಲು ಅವಳನ್ನು ಕೊಂದದ್ದು ನನಗೆ ಗೊತ್ತು ಎಂಬಂತೆ ಮಾತಾಡಿತು. ಅಳಿಸಿಹಾಕಿದ್ದನ್ನು ಆಟ ನೆನಪಿಟ್ಟುಕೊಂಡಿತ್ತು. ಇದನ್ನೆಲ್ಲ ಕೇಳಿ ತಿಳಿದ ಮೇಲೆ, ಹುಡುಗನಿಗೆ ಅನ್ನ ಇಳಿಯದಿದ್ದುದು ನಮಗೆ ಆಶ್ಚರ್ಯವೆನಿಸಲಿಲ್ಲ.

ನಾವಾದರೂ ಯಾರಿಗಾಗಿ ಅತ್ತಿಲ್ಲ? ಪುಣ್ಯಕೋಟಿ ಕರುವಿಗೆ ಕೊನೆಯ ಸಲ ಹಾಲೂಡಿಸುವಲ್ಲಿಗೆ ಬಂದಾಗ ಗಂಟಲು ಕಟ್ಟದ ಕನ್ನಡದ ಮಕ್ಕಳು ಕಡಮೆ. ಪಾರ್ತಿಸುಬ್ಬನ ಈ ಸೀಮೆಯಲ್ಲಿ ಬಯಲಾಟದ ಅಭಿಮನ್ಯು ಬೀಳುವಾಗ, ಚೌಕಿಯಲ್ಲಿ ಆತ ಬಣ್ಣ ಹಚ್ಚಿಕೊಂಡದ್ದನ್ನು ಕಣ್ಣಾರೆ ಕಂಡವರೂ ಸೆರಗಿನಲ್ಲಿ, ಬೈರಾಸಿನಲ್ಲಿ ಕಣ್ಣೊರಸಿಕೊಂಡಿದ್ದಾರೆ. 1987ರಲ್ಲಿ ದೂರದರ್ಶನದಲ್ಲಿ ರಾಮಾಯಣ ಆರಂಭವಾದಾಗ ಟೀವಿಗೆ ಹೂಮಾಲೆ ಹಾಕಿದ ಜನ ನಾವು. ನಮ್ಮದು ಭಕ್ತಿ, ಮಕ್ಕಳದು ಹುಚ್ಚು ಎಂದು ಗೆರೆ ಎಳೆಯುವುದು ಸುಲಭ. ಆದರೆ 1993ರಲ್ಲಿ ಜಪಾನಿನ ಯೂಗೋ ಸಾಕೋ ಮತ್ತು ನಮ್ಮ ರಾಮಮೋಹನರು ಕೂಡಿ ಮಾಡಿದ ರಾಮಾಯಣದ ಚಿತ್ರ ಸ್ವತಃ ಒಂದು ಆನಿಮೆ. ಅದನ್ನು ನೋಡುತ್ತ ಬೆಳೆದ ಮಗು ಗೆರೆಯ ಯಾವ ಕಡೆಗೆ ನಿಲ್ಲಬೇಕು?

ಜಪಾನಿನಲ್ಲಿ ಈ ದುಃಖಕ್ಕೆ ಒಮ್ಮೆ ಬಹಿರಂಗ ಗೌರವವೇ ಸಂದಿತ್ತು. 'ಆಶಿತಾ ನೋ ಜೋ' ಎಂಬ ಚಿತ್ರಕಥೆಯಲ್ಲಿ ರಿಕಿಇಶಿ ಎಂಬ ಮುಷ್ಟಿಮಲ್ಲ, ಎದುರಾಳಿಯ ವರ್ಗಕ್ಕೆ ಇಳಿಯಲೆಂದು ಮೈತೂಕವನ್ನು ಕ್ರೂರವಾಗಿ ಕರಗಿಸಿ, ಗೆದ್ದು, ಕಣದಲ್ಲೇ ಸಾಯುತ್ತಾನೆ. 1970ರ ಮಾರ್ಚ್ 24ರಂದು ಟೋಕಿಯೋದ ಪ್ರಕಾಶನ ಸಂಸ್ಥೆಯ ಕಟ್ಟಡದಲ್ಲಿ ಅವನ ಅಂತ್ಯಕ್ರಿಯೆ ನಡೆಯಿತು. ಕವಿ ತೆರಯಾಮ ಶೂಜಿ ಮುಂದೆ ನಿಂತು ನಡೆಸಿದರು, ಸುಮಾರು 700 ಜನ ಸೇರಿದ್ದರು. ಗೆರೆಗಳಿಂದಾದ ಮನುಷ್ಯನಿಗೆ ಶವಸಂಸ್ಕಾರ! ಅಂದಿನ ಹಿರಿಯರೂ ನಮ್ಮಂತೆಯೇ ನಕ್ಕಿರಬಹುದು.

ಇಂಗ್ಲಿಷ್ ತತ್ತ್ವಜ್ಞ ಕಾಲಿನ್ ರ್ಯಾಡ್‌ಫರ್ಡ್ 1975ರಲ್ಲಿ ಈ ಗಂಟನ್ನು ಬಿಚ್ಚಲೆತ್ನಿಸಿದ. ಒಬ್ಬರಿಗಾಗಿ ಮರುಗಬೇಕಾದರೆ ಅವರು ನಿಜವಾಗಿ ನೊಂದಿದ್ದಾರೆಂಬ ನಂಬಿಕೆ ಇರಬೇಕು. ಆನಾ ಕರೆನಿನಾ ಇರಲೇ ಇಲ್ಲವೆಂದು ತಿಳಿದೂ ಮರುಗುತ್ತೇವೆ. ಆದ್ದರಿಂದ ಈ ಮರುಕ ಸಹಜವಾದರೂ ತರ್ಕಕ್ಕೆ ಒಪ್ಪುವಂಥದಲ್ಲ ಎಂದು ಅವನ ತೀರ್ಮಾನ. ನಮ್ಮ ಆಲಂಕಾರಿಕರಿಗೆ ಇದು ಅಷ್ಟು ದೊಡ್ಡ ತೊಡಕಾಗಿ ಕಾಣಲಿಲ್ಲ. ಚಿತ್ರದ ಕುದುರೆಯನ್ನು ಕಂಡು 'ಕುದುರೆ' ಎನ್ನುವ ಅರಿವು ನಿಜವೂ ಅಲ್ಲ, ಭ್ರಮೆಯೂ ಅಲ್ಲ, ಸಂಶಯವೂ ಅಲ್ಲ, ಬರಿಯ ಹೋಲಿಕೆಯೂ ಅಲ್ಲ ಎಂದ ಶ್ರೀಶಂಕುಕ. ಭಟ್ಟನಾಯಕನಂತೂ, ರಂಗದ ಶೋಕ ರಾಮನದೂ ಅಲ್ಲ, ಪ್ರೇಕ್ಷಕನದೂ ಅಲ್ಲ, ಎಲ್ಲರದಾಗಿ ಸಾಧಾರಣಗೊಂಡದ್ದು ಎಂದು ಬಗೆಹರಿಸಿದ. ಅಭಿಮನ್ಯುವಿಗಾಗಿ ಅತ್ತ ಅಜ್ಜಿಗೂ ರಿಕಿಇಶಿಗಾಗಿ ಅತ್ತ ಜಪಾನೀ ಹುಡುಗನಿಗೂ ಈ ಉತ್ತರ ಸಾಕು.

ನಮ್ಮ ಹುಡುಗನಿಗೆ ಸಾಲದು. ಅವನು ಪ್ರೇಕ್ಷಕನಲ್ಲವಲ್ಲ. ಅಭಿಮನ್ಯುವನ್ನು ಕೊಂದವರು ಕೌರವರು. ಟೋರಿಯಲಳನ್ನು ಕೊಂದವನು ಇವನು. ಈ ಆಟಗಳಲ್ಲಿ ಆಡುವವನ ಸ್ಥಾನಕ್ಕೆ ಹತ್ತಿರದ ಹೋಲಿಕೆ ನಮಗೆ ಸಿಕ್ಕಿದ್ದು ತಾಳಮದ್ದಳೆಯಲ್ಲಿ. ಕರ್ಣನ ಅರ್ಥ ಹೇಳುವವರು ವೇಷವಿಲ್ಲದೆ, ಪಂಚೆ ಶಾಲಿನಲ್ಲಿ ಕುಳಿತು 'ನಾನು' ಎನ್ನುತ್ತಾರೆ. ತೊಟ್ಟ ಬಾಣವನ್ನು ಮರಳಿ ತೊಡೆನೆಂಬ ಮಾತನ್ನು ತಮ್ಮ ಬಾಯಿಂದಲೇ ಆಡುತ್ತಾರೆ. ಆದರೂ ಕರ್ಣ ಸಾಯುವುದು ಕವಿಯ ಪದ್ಯದಲ್ಲಿ ಮೊದಲೇ ನಿಶ್ಚಿತ. ಅರ್ಥಧಾರಿಗೆ ಮಾತಿನ ಸ್ವಾತಂತ್ರ್ಯ ಉಂಟು, ಕಥೆಯದಿಲ್ಲ. ಹುಡುಗನಿಗೆ ಕಥೆಯದೂ ಸ್ವಲ್ಪ ಇತ್ತು. ಬೇರೆ ಗುಂಡಿಯನ್ನು ಒತ್ತಬಹುದಿತ್ತು. ಪಶ್ಚಾತ್ತಾಪಕ್ಕೆ ಇಷ್ಟೇ ಜಾಗ ಸಾಕು.

ಹಾಗಾದರೆ ಪಾಪ ಉಂಟೆ? ಇಲ್ಲದವಳಿಗೆ ಅನ್ಯಾಯವಾಗದು; ಇದರಲ್ಲಿ ನಮಗೆ ಸಂದೇಹವಿಲ್ಲ. ಆದರೂ ಹುಡುಗನ ನೋವು ಸುಳ್ಳಲ್ಲ, ಏಕೆಂದರೆ ಅದು ಅವಳ ಬಗೆಗಿನದು ಮಾತ್ರವಲ್ಲ. ಪ್ರೀತಿಯಿಂದ ಅಡ್ಡನಿಂತವರ ಮೇಲೆ, 'ಸ್ವಲ್ಪವೇ ತಾನೆ' ಎಂದು ಎತ್ತಿದ ತನ್ನ ಕೈಯನ್ನು ಅವನು ಕಂಡ. ಆ ಕೈ ಇಲ್ಲದ್ದಲ್ಲ. ಇದೇ ವಯಸ್ಸಿನ ಹುಡುಗರು ಬೇರೆ ಆಟಗಳಲ್ಲಿ ದಿನಕ್ಕೆ ನೂರಾರು ಜನರನ್ನು ಗುಂಡಿಕ್ಕಿ ಉರುಳಿಸಿ, ಕೈತೊಳೆದು ನಿಶ್ಚಿಂತೆಯಿಂದ ಊಟಕ್ಕೆ ಬರುತ್ತಾರೆ. ಅವರ ಬಗೆಗೆ ನಮಗೆ ಚಿಂತೆಯಾಗಲಿಲ್ಲ, ಒಬ್ಬಳಿಗಾಗಿ ಊಟ ಬಿಟ್ಟವನ ಬಗೆಗೆ ಆಯಿತು!

ಚಿಂತಿಸಬೇಕಾದ ಸಂಗತಿ ಬೇರೊಂದುಂಟು, ಅದನ್ನು ಮುಚ್ಚಿಡಲಾಗದು. ಬಯಲಾಟಕ್ಕೆ ಬೆಳಗಾಗುತ್ತದೆ, ಮಂಗಳ ಹಾಡಿ, ಬಣ್ಣ ತೆಗೆದು, ಅಭಿಮನ್ಯು ಚಹಾ ಕುಡಿಯಲು ಹೋಗುತ್ತಾನೆ. ಕಥೆ ನಮ್ಮನ್ನು ಮನೆಗೆ ಕಳುಹಿಸುತ್ತದೆ. ಈಗಿನ ಅನೇಕ ಆಟಗಳಿಗೆ ಬೆಳಗೇ ಇಲ್ಲ. ಅವುಗಳಲ್ಲಿ ಮೆಚ್ಚಿನ ಪಾತ್ರವನ್ನು ಪಡೆಯಬೇಕಾದರೆ ಹಣ ತೆತ್ತು ಅದೃಷ್ಟದ ಚೀಟಿ ಎತ್ತಬೇಕು. ಬಾರದಿದ್ದರೆ ಮತ್ತೆ ಎತ್ತಬೇಕು. ಜಪಾನಿನಲ್ಲಿ ಇದಕ್ಕೆ 'ಗಾಚಾ' ಎಂದು ಹೆಸರು. ಚೀಟಿಯೆತ್ತಿ ಇಡೀ ಜೊತೆಯನ್ನು ಕೂಡಿಸಿದರೆ ಮಾತ್ರ ಬಹುಮಾನ ಕೊಡುವ ಅದರ ಒಂದು ಬಗೆಯನ್ನು 2012ರಲ್ಲಿ ಅಲ್ಲಿನ ಸರಕಾರದ ಗ್ರಾಹಕ ಇಲಾಖೆಯೇ ಕಾನೂನಿಗೆ ವಿರುದ್ಧವೆಂದು ಸಾರಬೇಕಾಯಿತು. ಮಗುವಿನ ಮಮತೆಯನ್ನು ಅಳೆದು ಬೆಲೆ ಕಟ್ಟುವುದು ನಮ್ಮ ದೃಷ್ಟಿಯಲ್ಲಿ ಅಧರ್ಮ. ತಪ್ಪು ಮಮತೆಯದಲ್ಲ, ಮಾರುವವರದು. ಟೋಕಿಯೋದ ವ್ಯಕ್ತಿಯೊಬ್ಬ 2018ರಲ್ಲಿ ಹಾತ್ಸುನೆ ಮಿಕು ಎಂಬ ಕಲ್ಪಿತ ಗಾಯಕಿಯನ್ನು ಮದುವೆಯಾದ. ಗಾಜಿನ ಯಂತ್ರದೊಳಗೆ ಅವಳು ಕಾಣಿಸಿಕೊಂಡು ಮಾತಾಡುತ್ತಿದ್ದಳು. 2020ರಲ್ಲಿ ಆ ಸೇವೆ ನಿಂತಿತು, ಅವಳ ಮಾತೂ ನಿಂತಿತು. ಅವನನ್ನು ಗೇಲಿ ಮಾಡುವ ಮನಸ್ಸು ನಮಗಿಲ್ಲ. ಪ್ರತಿಯಾಗಿ ಏನನ್ನೂ ಬೇಡದ ಪ್ರೀತಿಯಲ್ಲಿ ಮನುಷ್ಯ ಎಷ್ಟು ಕಾಲ ಬೆಳೆಯಬಲ್ಲನೆಂಬ ಅಳುಕು ಮಾತ್ರ ಉಂಟು.

ಒಂದು ಸಣ್ಣ ಮಾತು. ಹುಡುಗ ಆಡಿದ ಆಟ ಇಂಗ್ಲಿಷಿನದು, ನೋಡುವ ಆನಿಮೆ ಜಪಾನಿಯದು, ಅದನ್ನು ಚರ್ಚಿಸುವುದು ಗೆಳೆಯರೊಡನೆ ಮಲಯಾಳದಲ್ಲಿ. ಆದರೆ ನಿದ್ದೆಬಾರದ ಪ್ರಶ್ನೆಯನ್ನು ಹೊತ್ತು ಬಂದದ್ದು ಕನ್ನಡದಲ್ಲಿ. ಅಂದು ನಕ್ಕಿದ್ದಕ್ಕೆ ನಮಗೆ ನಾಚಿಕೆಯಾಗಲು ಇದೂ ಒಂದು ಕಾರಣ.

ಮರುದಿನ ಸಂಜೆ ನಾವೇ ಅವನ ಬಳಿ ಕುಳಿತು, ಆಡಲು ಕಲಿಸೆಂದೆವು. ನಮ್ಮ ಬೆರಳಿಗೆ ಕೀಲಿಗಳು ಒಗ್ಗವು. ಮುಳ್ಳಿನ ದಾರಿಯನ್ನು ಟೋರಿಯಲಳೇ ಕೈಹಿಡಿದು ದಾಟಿಸಿದಳು. ಕೊನೆಗೆ ಬಾಗಿಲು ಬಂತು. ಕರುಣೆಯ ಗುಂಡಿ ಒತ್ತಿದೆವು, ಅವಳು ಒಪ್ಪಲಿಲ್ಲ. ಮತ್ತೆ ಒತ್ತಿದೆವು, ಮತ್ತೆ ಬೆಂಕಿ ಎಸೆದಳು. ಎಷ್ಟು ಸಲ ಒತ್ತಬೇಕೆಂದು ಕೇಳಿದೆವು. ಹುಡುಗನಿಗೆ ಗೊತ್ತಿತ್ತು, ಹೇಳಲಿಲ್ಲ. "ಒತ್ತುತ್ತಾ ಇರಿ ಅಜ್ಜ" ಎಂದ.